ನಮ್ಮ ಕಡೆಯಿಂದ ಎಲ್ಲ ಸರಿ ಇದೆ

ಕಣ್ಣು ಬರುವುದು ಫೋನಿನಲ್ಲಿ. ತಮಾಷೆಗೆ ಹೇಳುತ್ತಿಲ್ಲ. ಯಾರದೋ ಮನೆಯಲ್ಲಿ ಯಾರೋ ತೀರಿಕೊಳ್ಳುತ್ತಾರೆ. ಹೋದವರು ಕಣ್ಣು ಕೊಡುತ್ತೇನೆಂದು ಬರೆದುಕೊಟ್ಟಿದ್ದದ್ದು ಅಳುವವರಲ್ಲಿ ಒಬ್ಬರಿಗೆ ನೆನಪಾಗುತ್ತದೆ. ಅವರು ನಮ್ಮ ಆಸ್ಪತ್ರೆಯ ನಂಬರು ಒತ್ತುತ್ತಾರೆ. ಕೆಲವೇ ಗಂಟೆಗಳೊಳಗೆ ನಮ್ಮವರು ಹೋಗಿ ತೆಗೆದುಕೊಂಡು ಬರಬೇಕು, ತಡವಾದರೆ ಕಥೆ ಮುಗಿಯಿತು. ಹಾಗೆ ಬರುವ ಒಂದು ಕಣ್ಣಿಗಾಗಿ ನಮ್ಮ ಅತ್ತೆ ಮೇಲಿನ ಮಹಡಿಯ ವಾರ್ಡಿನಲ್ಲಿ ಕಾಯುತ್ತಿದ್ದರು. ಅವರ ಎಡಗಣ್ಣು ಎಂದೋ ಹೋಗಿದೆ. ಬಲಗಣ್ಣಿನ ಮುಂದಿನ ಗಾಜಿನಂಥ ಪದರ ಹುಣ್ಣಾಗಿ ತೀರಾ ತೆಳುವಾಗಿಬಿಟ್ಟಿತ್ತು. ಈ ವಾರದೊಳಗೆ ಬೇರೆಯವರ ಪದರ ತಂದು ಹೊಲಿಯದಿದ್ದರೆ ಅದೂ ಹೋಗುತ್ತದೆ ಎಂದು ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಸರದಿಯಲ್ಲಿ ಮೊದಲನೆಯವರು ಅತ್ತೆಯೇ. ಇನ್ನು ಬರಬೇಕಾದ್ದು ಒಂದು ಫೋನು.

ಆ ಫೋನನ್ನು ನೋಡಿಕೊಳ್ಳುವವಳು ನಾನು. ಆಸ್ಪತ್ರೆಯಲ್ಲಿ ಎಲ್ಲರೂ ನನ್ನನ್ನು ಫೋನಮ್ಮ ಎನ್ನುತ್ತಾರೆ. ನೆಲಮಾಳಿಗೆಯಲ್ಲಿ, ಬಟ್ಟೆ ಒಗೆಯುವ ಯಂತ್ರಗಳ ಪಕ್ಕದ ಕೋಣೆ ನನ್ನದು. ಕಬ್ಬಿಣದ ಬೀರುವಿನ ತುಂಬ ಆಸ್ಪತ್ರೆಯ ಸ್ವಂತ ಎಕ್ಸ್‌ಚೇಂಜಿನ ಸರ್ಕ್ಯೂಟ್ ಕಾರ್ಡುಗಳು, ಒಂದು ಪರದೆ, ಸದಾ ಗುರುಗುಟ್ಟುವ ಏಸಿ, ಕಾಲು ಕುಂಟುವ ಒಂದು ಕುರ್ಚಿ. ಊರಿನ ದೊಡ್ಡ ಟೆಲಿಫೋನ್ ಕಚೇರಿಯಿಂದ ಇಲ್ಲಿಗೆ ಒಂದು ಡಿಜಿಟಲ್ ಟ್ರಂಕ್ ಲೈನು ಬರುತ್ತದೆ. ತಂತಿ ಒಂದೇ ಆದರೂ ಅದರೊಳಗೆ ಮೂವತ್ತು ದಾರಿಗಳು. ಅರ್ಧ ಒಳಗೆ ಬರುವ ಕರೆಗಳಿಗೆ, ಅರ್ಧ ಹೊರಗೆ ಹೋಗುವ ಕರೆಗಳಿಗೆ. ಈ ತುದಿಯಲ್ಲಿ ನಾನು. ಆ ತುದಿಯಲ್ಲಿ, ಟೆಲಿಫೋನ್ ಕಚೇರಿಯ ಟ್ರಂಕ್ ವಿಭಾಗದಲ್ಲಿ, ನಮ್ಮ ಯಜಮಾನರು. ಕೇಳಿದವರೆಲ್ಲ "ಅಯ್ಯೋ, ಎಷ್ಟು ಚೆನ್ನಾಗಿದೆ!" ಎನ್ನುತ್ತಾರೆ. ಅವರೇ ಬಂದು ಸಂಸಾರ ಮಾಡಿ ನೋಡಲಿ.

ಟ್ರಂಕ್ ದಾರಿಗೆ ಮೂರು ಸ್ಥಿತಿಗಳು. ಇದನ್ನು ಆಡಳಿತ ಕಚೇರಿಯವರಿಗೆ ಹೇಳಿ ಹೇಳಿ ನನ್ನ ಗಂಟಲು ಕಟ್ಟಿದೆ. ಒಂದು, ಸೇವೆಯಲ್ಲಿದೆ: ಕರೆ ಬರುತ್ತದೆ, ಹೋಗುತ್ತದೆ. ಎರಡು, ಕೆಟ್ಟು ಸೇವೆಯಿಂದ ಬಿದ್ದಿದೆ: ಎಲ್ಲೋ ತಂತಿ ಕಡಿದಿರುತ್ತದೆ, ಸರಿಹೋದ ತಕ್ಷಣ ದಾರಿ ತಾನೇ ಎದ್ದು ನಿಲ್ಲುತ್ತದೆ. ಮೂರು, ನಿರ್ವಹಣೆಯಲ್ಲಿದೆ: ಪರೀಕ್ಷೆಗೆಂದೋ ರಿಪೇರಿಗೆಂದೋ ಒಬ್ಬ ಮನುಷ್ಯ ಕೈಯಾರೆ ಇಳಿಸಿದ್ದು. ಈ ಮೂರನೆಯದೇ ತಲೆನೋವು. ಗಾಳಿಗೆ ಮುಚ್ಚಿಕೊಂಡ ಬಾಗಿಲು ಗಾಳಿಗೇ ತೆರೆಯಬಹುದು, ಚಿಲಕ ಹಾಕಿದ್ದನ್ನು ಯಾರಾದರೂ ಎದ್ದು ಹೋಗಿ ತೆಗೆಯಬೇಕು. ತಂತಿ ಬಂಗಾರದಂತಿದ್ದರೂ, ಇಳಿಸಿದವರು ಏರಿಸುವ ತನಕ ಆ ದಾರಿ ಅಲ್ಲಾಡುವುದಿಲ್ಲ. ಅದಕ್ಕಿಂತ ಕೆಟ್ಟದ್ದೇನೆಂದರೆ, ಒಳಗೆ ಬರುವ ದಾರಿಗಳನ್ನು ಆ ತುದಿಯವರು ಇಳಿಸಿದರೆ ನಮ್ಮ ಹಳೇ ಎಕ್ಸ್‌ಚೇಂಜಿಗೆ ಅದು ಗೊತ್ತೇ ಆಗುವುದಿಲ್ಲ. ನನ್ನ ಪರದೆ ಹಸಿರಾಗಿಯೇ ಇರುತ್ತದೆ. ಸೇವೆಯಲ್ಲಿದೆ, ಖಾಲಿ ಇದೆ, ಕರೆ ಬಂದರೆ ತಗೊಳ್ಳುತ್ತೇನೆ ಎನ್ನುತ್ತಿರುತ್ತದೆ.

ಅದಕ್ಕೇ ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಪರೀಕ್ಷೆ ಮುಗಿದ ಮೇಲೆ ಎರಡೂ ತುದಿಯವರು ಫೋನಿನಲ್ಲಿ ಮಾತಾಡಬೇಕು. "ನನ್ನದು ಆಯ್ತು" ಎಂದು ಈ ಕಡೆಯವರು, "ಏರಿಸಿದೆ" ಎಂದು ಆ ಕಡೆಯವರು. ಆಮೇಲೆ ಅದೇ ದಾರಿಯಲ್ಲಿ ಒಂದು ಕರೆ ಮಾಡಿ, ಒಬ್ಬರಿಗೊಬ್ಬರು ಹಲೋ ಹೇಳಿ ಇಡಬೇಕು. ಹಲೋ ಆಗುವ ತನಕ ದಾರಿ ಸೇವೆಗೆ ಬಂದ ಲೆಕ್ಕವಲ್ಲ.

ಈಗ ಜಗಳದ ವಿಷಯಕ್ಕೆ ಬರುತ್ತೇನೆ. ಹಿಂದಿನ ವಾರ ನನ್ನ ತಮ್ಮ ಹೆಂಡತಿಯೊಂದಿಗೆ ಊಟಕ್ಕೆ ಬಂದಿದ್ದ. ಮಾತಿಗೆ ಮಾತು ಬಂದು, ನಮ್ಮ ಯಜಮಾನರು ಬಾಯಿ ಒರೆಸಿಕೊಳ್ಳುತ್ತಾ ಹೇಳಿದರು: "ನಿಮ್ಮಕ್ಕನ ಕೆಲಸ ಏನು ಮಹಾ? ಆಸ್ಪತ್ರೆ ಫೋನುಗಳ ಧೂಳು ಒರೆಸೋದು. ಲೈನು ನಡೆಸೋರು ನಾವು." ತಮ್ಮನ ಹೆಂಡತಿ ನಕ್ಕಳು. ನನ್ನ ಮೈಯೆಲ್ಲ ಉರಿದುಹೋಯಿತು. "ನಿಮ್ಮ ಕೆಲಸ ಏನು ಅಂತ ನಾನು ಹೇಳ್ತೀನಿ," ಎಂದೆ. "ಯಾರು ಏನು ದೂರು ಹೇಳಿದ್ರೂ, 'ನಮ್ಮ ಕಡೆಯಿಂದ ಎಲ್ಲ ಸರಿ ಇದೆ' ಅನ್ನೋದು. ಅಷ್ಟಕ್ಕೆ ಒಂದು ಗಿಣಿ ಸಾಕು." ತಮ್ಮನೂ ನಕ್ಕ. ಅಲ್ಲಿಗೆ ನಮ್ಮ ಮಾತು ನಿಂತಿತು.

ಮಾತು ನಿಂತರೂ ಮನೆ ನಡೆಯುತ್ತಿತ್ತು, ಏಕೆಂದರೆ ಮಧ್ಯದಲ್ಲಿ ಅತ್ತೆ ಇದ್ದರು. ಅತ್ತೆ ಹಿಂದಿನ ಕಾಲದ ಟ್ರಂಕ್ ಆಪರೇಟರು. ಒಂದು ತೂತಿನಿಂದ ಇನ್ನೊಂದು ತೂತಿಗೆ ಕೈಯಿಂದ ವೈರು ಚುಚ್ಚಿ, "ಮಾತಾಡಿ, ಲೈನಲ್ಲಿದ್ದಾರೆ" ಎನ್ನುತ್ತಿದ್ದವರು. ಮನೆಯಲ್ಲೂ ಅದೇ ಕೆಲಸವಾಯಿತು. "ಗ್ಯಾಸ್ ಮುಗಿದಿದೆಯಂತೆ ಕಣೋ." "ಅವನು ತಡವಾಗಿ ಬರ್ತಾನಂತೆ ಕಣಮ್ಮ." ಅತ್ತೆಯನ್ನು ಆಸ್ಪತ್ರೆಗೆ ಸೇರಿಸಿದ ಮೇಲೆ ಮನೆಯಲ್ಲಿ ಪಾತ್ರೆಗಳ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಅವರ ಹತ್ತಿರ ನಾನು ಬೆಳಿಗ್ಗೆ ಹೋಗುತ್ತಿದ್ದೆ, ಇವರು ಸಂಜೆ.

ಹೀಗಿರುವಾಗ ಲೈನಿನ ಪರೀಕ್ಷೆ ಬಂತು. ಒಂದು ಸಂಜೆ ಒಳಗೆ ಬರುವ ದಾರಿಗಳನ್ನೆಲ್ಲ ಆ ತುದಿಯಲ್ಲಿ ಇಳಿಸಿದರು. ಅಷ್ಟು ಹೊತ್ತು ಹೊರಗಿನವರ ಕರೆ ಬರದಿದ್ದರೂ ನಡೆಯುತ್ತದೆ ಎಂದು ಆಡಳಿತ ಕಚೇರಿ ಒಪ್ಪಿತ್ತು. ನಾನು ಕಾರ್ಡು ಬದಲಿಸಿದೆ, ಪರೀಕ್ಷಿಸಿದೆ, ಎಲ್ಲ ಸರಿಹೋಯಿತು. ಇನ್ನು ಫೋನು ಮಾಡಿ "ನನ್ನದು ಆಯ್ತು" ಎನ್ನಬೇಕು. ಆ ತುದಿಯಲ್ಲಿ ಯಾರು ಎತ್ತುತ್ತಾರೆಂದು ನನಗೆ ಗೊತ್ತು. ನಾನೇ ಮೊದಲು ಮಾತಾಡಿದ ಹಾಗಾಗುತ್ತದಲ್ಲ! ಬೇಡವೇ ಬೇಡ ಎಂದುಕೊಂಡು, ಟೆಲಿಫೋನ್ ಕಚೇರಿಯ ದೂರಿನ ನಂಬರಿಗೆ "ಪರೀಕ್ಷೆ ಮುಗಿದಿದೆ" ಎಂದು ಒಂದು ಮೆಸೇಜು ಒತ್ತಿ ಬಾಗಿಲು ಹಾಕಿಕೊಂಡು ಹೊರಟುಬಿಟ್ಟೆ.

ಮಾರನೆಯ ಬೆಳಿಗ್ಗೆ ಅತ್ತೆಯ ಕಣ್ಣಿಗೆ ಔಷಧಿ ಹಾಕಿಸಿ ಕೆಳಗಿಳಿದೆ. ಆಪರೇಟರ್ ಹಿರಿಯಕ್ಕ ನನ್ನ ಕೋಣೆಯ ಇನ್ನೊಂದು ಬದಿಯಲ್ಲಿ, ಕರೆ ಎತ್ತಿ ಕೊಡುವ ಬೋರ್ಡಿನ ಮುಂದೆ ಕಾಲು ಚಾಚಿ ಕೂತು ಬಿಸಿ ಬಿಸಿ ಟೀ ಕುಡಿಯುತ್ತಿದ್ದರು. ನಿವೃತ್ತಿಗೆ ಹತ್ತಿರವಾದ ಹೆಂಗಸು. ಆ ಹೊತ್ತಿನಲ್ಲಿ ಅವರಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ, ಟೀ ಆರಿ ಕೆನೆಗಟ್ಟಿರುತ್ತದೆ.

"ಇವತ್ತು ಎಷ್ಟು ಆರಾಮ ಗೊತ್ತಾ ಫೋನಮ್ಮ," ಎಂದರು. "ಒಂದು ಫೋನಿಲ್ಲ, ಒಂದು ರಗಳೆ ಇಲ್ಲ. ಜನಕ್ಕೆ ಆರೋಗ್ಯ ಬಂದುಬಿಟ್ಟಿದೆ ಅನ್ಸುತ್ತೆ."

"ಹೊರಗೆ ಮಾಡೋ ಫೋನು ಹೋಗ್ತಿದೆಯಾ?"

"ಓಹೋ, ಸಲೀಸಾಗಿ. ಡಾಕ್ಟರುಗಳೆಲ್ಲ ಮನೆಗೆ ಮಾತಾಡಿಕೊಂಡ್ರು."

ಆಸ್ಪತ್ರೆಗೆ ಬೆಳಿಗ್ಗೆಯಿಂದ ಒಂದೂ ಫೋನು ಬಂದಿಲ್ಲ, ಅದನ್ನು ಈ ತಾಯಿ ಆರಾಮ ಎನ್ನುತ್ತಾರೆ! ನಾನು ಹಣೆ ಚಚ್ಚಿಕೊಂಡೆ. ಅಷ್ಟರಲ್ಲಿ ಕಣ್ಣಿನ ಬ್ಯಾಂಕಿನ ಸಮಾಧಾನಪ್ಪ ಇಳಿದು ಬಂದರು. ಸತ್ತವರ ಮನೆಯವರಿಗೆ ಸಮಾಧಾನ ಹೇಳಿ ಕಣ್ಣು ಕೇಳುವುದು ಅವರ ಕೆಲಸ, ಅದಕ್ಕೇ ಆ ಹೆಸರು. ಎಂದೂ ಗಟ್ಟಿಯಾಗಿ ಮಾತಾಡಿದವರಲ್ಲ.

"ತಪ್ಪು ತಿಳ್ಕೋಬೇಡಿ ಫೋನಮ್ಮ," ಎಂದರು ಮೆಲ್ಲಗೆ. "ನಮ್ಮ ಫೋನು ನಿನ್ನೆ ಸಂಜೆಯಿಂದ ಬಾಯೇ ಬಿಟ್ಟಿಲ್ಲ. ಹೀಗೆ ಆಗೋದಿಲ್ಲ."

ಪರದೆ ನೋಡಿದೆ. ಒಂದರ ಕೆಳಗೊಂದು ಹಸಿರು, ಸೇವೆಯಲ್ಲಿದೆ, ಖಾಲಿ ಇದೆ. ನನ್ನ ಮೊಬೈಲಿನಿಂದ ಆಸ್ಪತ್ರೆಯ ನಂಬರು ಒತ್ತಿದೆ. ಒಬ್ಬ ಹೆಂಗಸಿನ ಸಕ್ಕರೆಯಂಥ ದನಿ: "ನೀವು ಕರೆ ಮಾಡಿದ ಮಾರ್ಗದ ಎಲ್ಲ ಲೈನುಗಳೂ ಕಾರ್ಯನಿರತವಾಗಿವೆ. ದಯವಿಟ್ಟು ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ." ಕಾರ್ಯನಿರತವಂತೆ! ಎದುರಿಗೆ ಹಿರಿಯಕ್ಕ ಲೋಟದ ತಳದ ಸಕ್ಕರೆಯನ್ನು ಚಮಚದಲ್ಲಿ ಕೆರೆಯುತ್ತಿದ್ದರು.

ಏನಾಗಿದೆಯೆಂದು ಆಗಲೇ ಗೊತ್ತಾಯಿತು. ಆ ತುದಿಯಲ್ಲಿ ದಾರಿಗಳನ್ನು ಏರಿಸಿಯೇ ಇಲ್ಲ. ಹಿರಿಯಕ್ಕನ ಬೋರ್ಡಿನಿಂದಲೇ ಟ್ರಂಕ್ ವಿಭಾಗಕ್ಕೆ ಫೋನು ಮಾಡಿದೆ. ಒಂದೇ ರಿಂಗಿಗೆ ಎತ್ತಿದರು. ಕೈ ಅಲ್ಲೇ ಇಟ್ಟುಕೊಂಡು ಕೂತಿದ್ದವರಂತೆ.

"ಟ್ರಂಕ್ ವಿಭಾಗ, ಹೇಳಿ."

"ಆಸ್ಪತ್ರೆಯಿಂದ ಮಾತಾಡ್ತಿರೋದು, ಸಾರ್."

"ಹೇಳಿ ಮೇಡಂ."

ಮೇಡಂ! ನನ್ನ ಕೈಯ ಅಡುಗೆ ತಿಂದು ಹೊರಟು ಗಂಟೆ ಕಳೆದಿಲ್ಲ. ನಾನು ಹಲ್ಲು ಕಡಿದುಕೊಂಡೆ. "ಒಳಗೆ ಬರೋ ಕರೆಗಳು ಬರ್ತಿಲ್ಲ."

"ನಿಮ್ಮ ಪರದೆ ಏನು ತೋರಿಸುತ್ತೆ ಮೇಡಂ?"

"ಎಲ್ಲ ಸೇವೆಯಲ್ಲಿದೆ. ಹಸಿರು."

"ಹಾಗಾದ್ರೆ ನಿಮ್ಮ ಕಡೆ ಸರಿ ಇದೆ."

"ನಿಮ್ಮ ಕಡೆ?"

"ನಮ್ಮ ಕಡೆಯಿಂದಲೂ ಎಲ್ಲ ಸರಿ ಇದೆ ಮೇಡಂ."

ಗಿಣಿ ಎಂದದ್ದು ಸುಮ್ಮನೆಯೇ? "ಎರಡೂ ಕಡೆ ಸರಿ ಇದ್ರೆ ಮಧ್ಯದಲ್ಲಿ ಕರೆಗಳನ್ನ ಯಾರು ನುಂಗ್ತಿದ್ದಾರೆ ಸಾರ್?"

"ದಾರಿಗಳು ನಿರ್ವಹಣೆಯಲ್ಲಿವೆ. ನೀವು ಪರೀಕ್ಷೆ ಮುಗಿಸಿ ಹೇಳಿಲ್ಲ."

"ಮೆಸೇಜ್ ಕಳಿಸಿದ್ದೆ."

"ನೋಡಿದೆ. ಮೆಸೇಜು ಪದ್ಧತಿಯಲ್ಲಿಲ್ಲ ಮೇಡಂ. ಬಾಯಲ್ಲಿ ಹೇಳಬೇಕು. ಹಲೋ ಆಗಬೇಕು. ನಾನು ಹಲೋ ಬರುತ್ತೆ ಅಂತ ನಿನ್ನೆ ಕಾದೆ."

ನೋಡಿದ್ದರಂತೆ! ನೋಡಿಯೂ ಕಾದರಂತೆ! ಮನೆಗೆ ಬಂದು, ನನ್ನೆದುರಿಗೇ ಕೂತು ತುಟಿ ಬಿಚ್ಚದೆ ಊಟ ಮಾಡಿ, ನಾನು ಆಫೀಸಿಗೆ ಫೋನು ಮಾಡಲಿ ಎಂದು ಕಾದರಂತೆ! ರಿಸೀವರನ್ನು ಬೋರ್ಡಿಗೆ ಕುಕ್ಕಬೇಕೆಂದು ಕೈ ಎತ್ತಿದೆ. ಎದುರಿಗೆ ಸಮಾಧಾನಪ್ಪ ಎರಡೂ ಕೈ ಕಟ್ಟಿಕೊಂಡು ನಿಂತಿದ್ದರು. ಅವರ ಮುಖ ನೋಡಿ ಕೈ ಇಳಿಯಿತು.

"ರೀ," ಎಂದೆ. ಹಿರಿಯಕ್ಕ ಚಮಚ ಕೆಳಗಿಟ್ಟರು. "ರೀ, ನಿಮ್ಮಮ್ಮನ ಕಣ್ಣು ಈ ದಾರಿಯಲ್ಲೇ ಬರಬೇಕು ಕಣ್ರೀ."

ಆ ಕಡೆ ಕುರ್ಚಿ ದಡಕ್ಕನೆ ಸರಿದ ಸದ್ದು, ಕೀಲಿಗಳ ಮೇಲೆ ಬೆರಳುಗಳ ಪಟಪಟ.

"ಏರಿಸಿದೆ," ಎಂದರು. "ಹಲೋ ಮಾಡ್ತೀನಿ, ಎತ್ತು."

ಬೋರ್ಡಿನ ಮೇಲೆ ದೀಪ ಹತ್ತಿತು. ನಾನೇ ಎತ್ತಿದೆ. "ಹಲೋ." "ಹಲೋ." ಮುಂದೆ ಏನೂ ಹೇಳುವಂತಿರಲಿಲ್ಲ. ಒಂದರ ಹಿಂದೊಂದು ದೀಪ ಹತ್ತಿ ಬೋರ್ಡು ಕಿರುಚಲು ಶುರುಮಾಡಿತ್ತು, ಹಿರಿಯಕ್ಕ ನನ್ನನ್ನು ಬೋರ್ಡಿನ ಮುಂದಿನಿಂದ ಹೆಚ್ಚುಕಡಿಮೆ ತಳ್ಳಿಬಿಟ್ಟರು.

ಸಮಾಧಾನಪ್ಪನೂ ನಾನೂ ಮೆಟ್ಟಿಲು ಹತ್ತಿ ಮೇಲೆ ಬರುವಷ್ಟರಲ್ಲಿ ಮುಂಬಾಗಿಲಿನ ವಿಚಾರಣೆ ಕೌಂಟರಿನ ಹತ್ತಿರ ದೊಡ್ಡ ಗಲಾಟೆ. ನನ್ನ ವಯಸ್ಸಿನ ಒಬ್ಬ ಹೆಂಗಸು. ತಲೆ ಬಾಚಿರಲಿಲ್ಲ, ಒಂದು ಕಾಲಿನ ಚಪ್ಪಲಿಗೂ ಇನ್ನೊಂದು ಕಾಲಿನ ಚಪ್ಪಲಿಗೂ ಸಂಬಂಧವಿರಲಿಲ್ಲ. ಕೌಂಟರಿನ ಗಾಜಿಗೆ ಒಂದು ಕಾರ್ಡು ಒತ್ತಿ ಹಿಡಿದಿದ್ದಳು. ನಮ್ಮ ಕಣ್ಣಿನ ಬ್ಯಾಂಕಿನ ಕಾರ್ಡು.

"ಈ ನಂಬರು ಯಾತಕ್ಕೆ ಅಚ್ಚು ಹಾಕಿಸಿದ್ದೀರಿ?" ಎಂದು ಕೇಳುತ್ತಿದ್ದಳು. "ಅಂದಕ್ಕಾ? ಬೆಳಕು ಹರಿಯೋ ಹೊತ್ತಿಗೆ ಅಪ್ಪ ಹೋದ್ರು. ಕಣ್ಣು ಕೊಡಲೇಬೇಕು ಅಂತ ಹೇಳಿಟ್ಟು ಹೋದ್ರು. ಆಗಿನಿಂದ ಒತ್ತುತ್ತಾ ಇದ್ದೀನಿ!"

ಸಮಾಧಾನಪ್ಪ ಮುಂದೆ ಹೋದರು. "ತಾಯಿ, ಕ್ಷಮಿಸಿ, ನಮ್ಮ ಲೈನು..."

"ರಿಂಗಾಗಿ ಯಾರೂ ಎತ್ತದಿದ್ರೆ ಆಗಲೇ ಹೊರಟು ಬರ್ತಿದ್ದೆ. ಬಿಜಿ ಅಂತ ಬರ್ತಿತ್ತು. ಬಿಜಿ ಅಂದ್ರೆ ಯಾರೋ ಪಾಪ ಕಷ್ಟದಲ್ಲಿ ಮಾತಾಡ್ತಿದ್ದಾರೆ, ಮುಗಿಸಿದ ಮೇಲೆ ನಮ್ಮದು ಅಂತ ಕಾದೆ. ಎಲ್ಲರೂ ಅಪ್ಪನ ಸುತ್ತ ಕೂತು ಅಳ್ತಿದ್ದಾರೆ, ನಾನು ಮೂಲೆಯಲ್ಲಿ ಫೋನು ಹಿಡ್ಕೊಂಡು ಕೂತಿದ್ದೆ. ನನಗೆ ಅಳೋಕೂ ಬಿಡಲಿಲ್ಲ ನೀವು."

ಬೆಳಗಿನಿಂದ ನನಗೆ ಬಂದಿದ್ದ ಸಿಟ್ಟೆಲ್ಲ ಅವಳ ಎದುರಿಗೆ ಏನೂ ಅಲ್ಲ ಅನ್ನಿಸಿತು. ನನಗೆ ನಾಚಿಕೆಯಾಯಿತು. ಹೋಗಿ ಅವಳ ಕೈ ಹಿಡಿದುಕೊಳ್ಳಬೇಕು ಎನ್ನಿಸಿದರೂ ಯಾವ ಮುಖ ಹೊತ್ತು ಹೋಗಲಿ? ಸಮಾಧಾನಪ್ಪ ಅಂದು ಸಮಾಧಾನದ ಮಾತೇ ಆಡಲಿಲ್ಲ. "ಇನ್ನೂ ಹೊತ್ತು ಮೀರಿಲ್ಲ ತಾಯಿ, ನಡೀರಿ," ಎಂದವರೇ ಡಾಕ್ಟರನ್ನೂ ಐಸಿನ ಪೆಟ್ಟಿಗೆಯನ್ನೂ ಎಳೆದುಕೊಂಡು ಅವಳ ಹಿಂದೆ ಓಡಿದರು.

ಅವರು ಹಿಂತಿರುಗುವ ತನಕ ನಾನು ನೆಲಮಾಳಿಗೆಗೆ ಇಳಿಯಲಿಲ್ಲ, ಅತ್ತೆಯ ಹತ್ತಿರವೂ ಹೋಗಲಿಲ್ಲ. ಮೆಟ್ಟಿಲ ಮೇಲೆ ಕೂತಿದ್ದೆ. ಸ್ವಲ್ಪ ಹೊತ್ತಿಗೆ ನಮ್ಮ ಯಜಮಾನರು ಕುತ್ತಿಗೆಯಲ್ಲಿ ಕಚೇರಿಯ ಗುರುತಿನ ಚೀಟಿ ನೇತಾಡಿಸಿಕೊಂಡೇ ಏದುಸಿರು ಬಿಡುತ್ತಾ ಬಂದರು. ಪಕ್ಕದಲ್ಲಿ ಕೂತರು. ಆ ಹೆಂಗಸಿನ ವಿಷಯವನ್ನೆಲ್ಲ ನಾನು ಹೇಳಿದೆ. ಅವರು ಮೇಡಂ ಎನ್ನಲಿಲ್ಲ, ನಮ್ಮ ಕಡೆ ಸರಿ ಇದೆ ಎನ್ನಲಿಲ್ಲ. ಗುರುತಿನ ಚೀಟಿಯ ದಾರವನ್ನು ಬೆರಳಿಗೆ ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದರು.

"ಒಂದೇ ನಂಬರಿಂದ," ಎಂದರು ಕೊನೆಗೆ. "ಕಣ್ಣಿನ ಬ್ಯಾಂಕಿನ ನಂಬರಿಗೆ ಬಂದು ಸಿಗದೆ ಹೋದ ಕರೆಗಳನ್ನ ನನ್ನ ಪರದೆಯಲ್ಲಿ ಹೊರಡೋ ಮುಂಚೆ ತೆಗೆದು ನೋಡಿದೆ. ಒಂದೇ ನಂಬರು, ಮೇಲಿಂದ ಕೆಳಗಿನ ತನಕ. ಎಣಿಸೋಕೆ ಧೈರ್ಯ ಬರಲಿಲ್ಲ."

ಕಣ್ಣುಗಳು ಸರಿಯಾದ ಹೊತ್ತಿಗೆ ಬಂದವು. ಚೆನ್ನಾಗಿದ್ದವು. ಒಂದರ ಪದರವನ್ನು ಮಾರನೆಯ ದಿನ ಅತ್ತೆಯ ಬಲಗಣ್ಣಿಗೆ ಹೊಲಿದರು. ಪಟ್ಟಿ ಕಟ್ಟಿದ ಮುಖವನ್ನು ಮೇಲೆ ಮಾಡಿಕೊಂಡು ಮಲಗಿದ್ದ ಅವರ ಒಂದು ಪಕ್ಕದಲ್ಲಿ ನಾನು, ಇನ್ನೊಂದು ಪಕ್ಕದಲ್ಲಿ ಅವರ ಮಗ. ಹೇಳದೆ ಬಚ್ಚಿಡಬಹುದಿತ್ತು. ಆದರೆ ಹಿರಿಯಕ್ಕ ಆಗಲೇ ಬಂದು ಉಪ್ಪು ಖಾರ ಹಚ್ಚಿ ಅರ್ಧ ಹೇಳಿ ಹೋಗಿದ್ದರು. ಉಳಿದ ಅರ್ಧವನ್ನು ನಾವು ಹೇಳಿದೆವು. ಜಗಳ, ಮೆಸೇಜು, ಹಲೋ, ಆ ಹೆಂಗಸು, ಎಲ್ಲ.

ಅತ್ತೆ ಬೈಯುತ್ತಾರೆಂದು ಕಾದೆ. ಬೈದಿದ್ದರೆ ಹಗುರವಾಗುತ್ತಿತ್ತು.

"ಅವಳಿಗೆ ಏನು ಕೇಳಿಸ್ತಿತ್ತು?" ಎಂದು ಕೇಳಿದರು.

"ಯಾರಿಗಮ್ಮ?" ಎಂದರು ಇವರು.

"ಆ ಹುಡುಗಿಗೆ. ಒತ್ತಿದಾಗಲೆಲ್ಲ ಏನು ಕೇಳಿಸ್ತಿತ್ತೋ ಅವಳಿಗೆ?"

ನಮ್ಮ ಯಜಮಾನರು ನನ್ನ ಕಡೆ ನೋಡಿದರು. ಅವರೇ ಗಂಟಲು ಸರಿಮಾಡಿಕೊಂಡು, ತಗ್ಗಿದ ದನಿಯಲ್ಲಿ, "ಎಲ್ಲ ಲೈನುಗಳೂ ಕಾರ್ಯನಿರತವಾಗಿವೆ, ಸ್ವಲ್ಪ ಸಮಯದ ನಂತರ ಪ್ರಯತ್ನಿಸಿ ಅಂತ," ಎಂದರು.

ಅತ್ತೆಯ ಬೆರಳುಗಳು ಹೊದಿಕೆಯ ಮೇಲೆ ಸುಮ್ಮನೆ ಏನನ್ನೋ ಹುಡುಕುತ್ತಿದ್ದವು.

"ನನ್ನ ಬೋರ್ಡಿನಲ್ಲಿ ಖಾಲಿ ಲೈನಿಗೆ ಬಿಜಿ ಅಂತ ನಾನು ಒಂದು ದಿನವೂ ಹೇಳಲಿಲ್ಲ," ಎಂದರು. "ಅಷ್ಟೂ ಹೊತ್ತು ಖಾಲಿ ಇತ್ತಲ್ಲೋ ಅದು. ಪೂರ್ತಿ ಖಾಲಿ ಇತ್ತು."

ನಾವಿಬ್ಬರೂ ಒಟ್ಟಿಗೇ "ಹೂಂ" ಎಂದೆವು.